ದಾವಣಗೆರೆ–ಚಿತ್ರದುರ್ಗ ದಿನದ ಓಡಾಟಕ್ಕೆ ಐ20 ಎನ್ ಲೈನ್: ಎಂಜಿನ್ ಸೈ, ಟೈರಿನ ಮೇಲೆ ಕಣ್ಣಿರಲಿ

ದಾವಣಗೆರೆಯಲ್ಲಿ ಮನೆ, ಚಿತ್ರದುರ್ಗದಲ್ಲಿ ನೌಕರಿ. ಇಲ್ಲವೇ ದುರ್ಗದಲ್ಲಿ ಮನೆ, ದಾವಣಗೆರೆಯಲ್ಲಿ ಅಂಗಡಿ. ಹೀಗೆ ದಿನಾ ಹೆದ್ದಾರಿ ಹಿಡಿಯುವವರು ಈ ಭಾಗದಲ್ಲಿ ಬಹಳ ಮಂದಿ. ಕಾರು ಕೊಳ್ಳಲು ಹೊರಟಾಗ ಇವರಿಗೆ ಸಿಗುವ ಸಲಹೆ ಎರಡೇ: ಮೈಲೇಜ್ ಬೇಕಾದರೆ ಸ್ವಿಫ್ಟ್, ಎತ್ತರ ಬೇಕಾದರೆ ಯಾವುದಾದರೂ ಪುಟ್ಟ ಎಸ್‌ಯುವಿ. ಓಡಿಸುವ ಖುಷಿಯೂ ಬೇಕು ಎಂದರೆ, ಅಂಥ ಕಾರು ಭಾನುವಾರಕ್ಕೆ ಸರಿ, ದಿನದ ಓಡಾಟಕ್ಕೆ ತಡೆಯುವುದಿಲ್ಲ ಎನ್ನುತ್ತಾರೆ. ಹುಂಡೈ ಐ20 ಎನ್ ಲೈನ್ ಮಟ್ಟಿಗೆ ಈ ಮಾತು ತಪ್ಪು. ಅದರ ಎಂಜಿನ್ ದಿನದ ಹೆದ್ದಾರಿ ಓಟಕ್ಕೆ ಹೇಳಿ ಮಾಡಿಸಿದಂತಿದೆ. ತೊಂದರೆ ಇರುವುದು ಅದರ ಟೈರು ಮತ್ತು ನಮ್ಮ ಸರ್ವಿಸ್ ರಸ್ತೆಗಳ ನಡುವೆ. ಅದನ್ನು ಸಂಭಾಳಿಸಲು ದಾರಿಗಳಿವೆ. ಊರೊಳಗೇ ಎರಡು ಮೂರು ಕಿ.ಮೀ. ಓಡಾಡುವವರು ಮಾತ್ರ ಈ ಕಾರನ್ನು ಕೊಳ್ಳಬಾರದು. ಅದಕ್ಕೆ ಕಾರಣ ಎಂಜಿನ್ನಿನ ಒಳಗೇ ಇದೆ.

ಮೊದಲು ಕಾರಿನ ಪರಿಚಯ. ಐ20ಯ ಸ್ಪೋರ್ಟಿ ರೂಪವೇ ಎನ್ ಲೈನ್. ಭಾರತಕ್ಕೆ ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ. 998 ಸಿಸಿಯ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್, 6,000 ಆರ್‌ಪಿಎಂನಲ್ಲಿ 120 ಪಿಎಸ್ ಶಕ್ತಿ, 1,500ರಿಂದ 4,000 ಆರ್‌ಪಿಎಂವರೆಗೆ 172 ಎನ್ಎಂ ಟಾರ್ಕ್ (ಎಳೆಯುವ ಬಲ). ಉದ್ದ 3,995 ಮಿ.ಮೀ., ಅಗಲ 1,775 ಮಿ.ಮೀ., ಡಿಕ್ಕಿ 311 ಲೀಟರ್, ಪೆಟ್ರೋಲ್ ಟ್ಯಾಂಕ್ 37 ಲೀಟರ್. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಟೈರು 195/55 ಆರ್16. ಸಾಮಾನ್ಯ ಐ20ಗೆ ಹೋಲಿಸಿದರೆ ಸಸ್ಪೆನ್ಷನ್ ಗಟ್ಟಿ, ಸ್ಟೀರಿಂಗ್ ತೂಕದ್ದು, ಸೈಲೆನ್ಸರ್ ದನಿಯೂ ಬೇರೆ. 2023ರ ಸೆಪ್ಟೆಂಬರ್‌ನಲ್ಲಿ ರೂಪ ಬದಲಾದಾಗ ಕ್ಲಚ್ ಪೆಡಲ್ ಇಲ್ಲದ ಐಎಂಟಿ ಗೇರ್‌ಬಾಕ್ಸ್ ತೆಗೆದು ಮಾಮೂಲಿ 6 ಗೇರಿನ ಮ್ಯಾನುವಲ್ ಕೊಟ್ಟರು. 7 ಗೇರಿನ, ಎರಡು ಕ್ಲಚ್ಚಿನ ಡಿಸಿಟಿ ಆಟೊಮ್ಯಾಟಿಕ್ ಹಾಗೇ ಉಳಿಯಿತು. ಆಗಿನ ಎಕ್ಸ್-ಶೋರೂಂ ಬೆಲೆ ಕೆಳಗಿನ ದರ್ಜೆಯ ಎನ್6 ಮ್ಯಾನುವಲ್‌ಗೆ 9.99 ಲಕ್ಷದಿಂದ ಶುರುವಾಗಿ ಮೇಲಿನ ದರ್ಜೆಯ ಎನ್8 ಡಿಸಿಟಿಗೆ 12.3 ಲಕ್ಷ ರೂಪಾಯಿ ದಾಟುತ್ತಿತ್ತು. ನಾಲ್ಕು ಮೀಟರಿಗಿಂತ ಚಿಕ್ಕದಾದ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಐ20 ಎನ್ ಲೈನ್ ಈ ಲೆಕ್ಕದೊಳಗೆ ಬರುತ್ತದೆ. ಹಾಗಾಗಿ ಹಳೆಯ ದರಪಟ್ಟಿ ನಂಬಬೇಡಿ, ಹೊಸ ಕೊಟೇಶನ್ ಬರೆಸಿಕೊಳ್ಳಿ.

ಹೆದ್ದಾರಿಯಲ್ಲಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ., ಬಹುಪಾಲು ರಾಷ್ಟ್ರೀಯ ಹೆದ್ದಾರಿ 48. ಆನಗೋಡು, ಹೆಬ್ಬಾಳು, ಭರಮಸಾಗರ ದಾಟಿ ಹೋಗುವ ಈ ದಾರಿಯಲ್ಲಿ ಲಾರಿಗಳದ್ದೇ ರಾಜ್ಯ. ಬಲಗಡೆಯ ಲೇನಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಂಟೇನರ್ ಹೋಗುತ್ತಿರುತ್ತದೆ, ಎಡಗಡೆಯಲ್ಲಿ ಅದಕ್ಕಿಂತ ನಿಧಾನದ ಇನ್ನೊಂದು. ಸಂದು ಸಿಕ್ಕಾಗ 60ರಿಂದ 90ಕ್ಕೆ ಎಷ್ಟು ಬೇಗ ಏರುತ್ತೀರಿ ಎನ್ನುವುದರ ಮೇಲೆ ಇಡೀ ಪ್ರಯಾಣದ ನೆಮ್ಮದಿ ನಿಂತಿದೆ. ಈ ಕೆಲಸದಲ್ಲಿ ಎನ್ ಲೈನ್ ತನ್ನ ಬೆಲೆಯ ಹಲವು ಕಾರುಗಳನ್ನು ಹಿಂದೆ ಹಾಕುತ್ತದೆ. ಸಾಮಾನ್ಯ ಐ20ಯ 1.2 ಲೀಟರ್ ಎಂಜಿನ್ ಕೊಡುವ ಟಾರ್ಕ್ 115 ಎನ್ಎಂ. ಅದರಲ್ಲಿ ಓವರ್‌ಟೇಕ್ ಮಾಡಬೇಕಾದರೆ ಎರಡು ಗೇರ್ ಇಳಿಸಿ, ಎಂಜಿನ್ ಕೂಗಿಸಬೇಕು. ಎನ್ ಲೈನ್ ಮ್ಯಾನುವಲ್‌ನಲ್ಲಿ ನಾಲ್ಕನೇ ಗೇರಿಗೆ ಇಳಿಸಿದರೆ ಸಾಕು, 2,000 ಆರ್‌ಪಿಎಂ ದಾಟಿದ ಮೇಲೆ ಎಳೆತ ಒಂದೇ ಸಮ ಬರುತ್ತದೆ.

ದುರ್ಗ ದಾವಣಗೆರೆಗಿಂತ ಸುಮಾರು 130 ಮೀಟರ್ ಎತ್ತರದಲ್ಲಿದೆ. ಏರು ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ನಾಲ್ಕು ಜನ ಕೂತು ಎಸಿ ಹಾಕಿಕೊಂಡು ಹೋಗುವಾಗ ಸಣ್ಣ ಎಂಜಿನ್‌ಗಳಿಗೆ ಗೊತ್ತಾಗುತ್ತದೆ. ಇದಕ್ಕೆ ಗೊತ್ತಾಗುವುದಿಲ್ಲ. ಹೋಗುವಾಗಿನ ಮೈಲೇಜ್ ಬರುವಾಗಿನದಕ್ಕಿಂತ ತುಸು ಕಡಿಮೆ ತೋರಿಸಿದರೆ ಗಾಬರಿಯಾಗಬೇಕಿಲ್ಲ.

ಒಂದು ಅಭ್ಯಾಸ ಮಾತ್ರ ಬಿಡಲೇಬೇಕು: ಆರನೇ ಗೇರಿನಲ್ಲೇ 1,400–1,500 ಆರ್‌ಪಿಎಂಗೆ ಇಳಿದಾಗ ಗೇರ್ ಬದಲಿಸಲು ಬೇಸರಪಟ್ಟು ಆಕ್ಸಿಲರೇಟರ್ ಪೂರ್ತಿ ತುಳಿಯುವುದು. ಹಳೆಯ ಡೀಸೆಲ್ ಕಾರುಗಳಿಂದ ಬಂದವರಿಗೆ ಇದು ಕಾಲಿಗೆ ಅಂಟಿಕೊಂಡಿರುತ್ತದೆ. ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮಿಸುವ ಇಂಥ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ಸುತ್ತು, ಹೆಚ್ಚು ಭಾರ ಒಟ್ಟಿಗೆ ಬಂದರೆ ಪ್ಲಗ್ ಕಿಡಿ ಕೊಡುವ ಮೊದಲೇ ಇಂಧನ ಹೊತ್ತಿಕೊಳ್ಳಬಹುದು. ಸಿಲಿಂಡರ್ ಗೋಡೆಯ ಆಯಿಲ್ ಹನಿ, ಪಿಸ್ಟನ್ ಮೇಲಿನ ಕರಿ ಇದಕ್ಕೆ ಕಿಚ್ಚು ಕೊಡುತ್ತವೆ. ಒಂದೊಂದು ಹೊಡೆತವೂ ಪಿಸ್ಟನ್ ರಿಂಗಿನ ಪಟ್ಟಿ ಸೀಳುವಷ್ಟು ಜೋರಾಗಿರಬಲ್ಲದು. 1,800ರ ಕೆಳಗಿದ್ದರೆ ಗೇರ್ ಇಳಿಸಿ, ಆಮೇಲೆ ತುಳಿಯಿರಿ. ಆಯಿಲ್ ಡಬ್ಬಿಯ ಮೇಲೆ ಎಪಿಐ ಎಸ್‌ಪಿ ದರ್ಜೆ ಬರೆದಿರುವುದನ್ನೇ ಹಾಕಿಸಿ. 2020ರಲ್ಲಿ ಬಂದ ಈ ದರ್ಜೆಯ ಪರೀಕ್ಷೆಗಳಲ್ಲಿ ಇದೇ ತೊಂದರೆಯನ್ನು ತಡೆಯುವ ಗುಣವನ್ನೂ ನೋಡುತ್ತಾರೆ. ಆಯಿಲ್ ಎಷ್ಟು ಮಂದವಿರಬೇಕು ಎಂಬುದಕ್ಕೆ ಕಾರಿನ ಜೊತೆ ಕೊಟ್ಟ ಪುಸ್ತಕ ಹೇಳಿದಂತೆ ಹಾಕಿಸಿ, ಅಂಗಡಿಯವರು ಹೇಳಿದಂತೆ ಅಲ್ಲ.

ಆಷಾಢದ ಗಾಳಿಯ ಮಾತು ಬೇರೆಯೇ ಹೇಳಬೇಕು. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ನೈಋತ್ಯದ ಗಾಳಿ ಈ ಹೆದ್ದಾರಿಗೆ ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಬರುತ್ತದೆ. ದುರ್ಗದ ಕಡೆ ಹೋಗುವಾಗ ಬಲದಿಂದ ನೂಕುತ್ತದೆ. ಲಾರಿ ಎಡಕ್ಕಿರುವಾಗ ಕಾರನ್ನು ಅದರ ಕಡೆಗೇ ತಳ್ಳುತ್ತದೆ. ಹಾಗಾಗಿ ಓವರ್‌ಟೇಕ್ ಮಾಡುವಾಗ ಲಾರಿಗೆ ಅಂಟಿಕೊಂಡು ಹೋಗಬೇಡಿ. ವಾಪಸ್ ಬರುವಾಗ ಗಾಳಿ ಎಡದ್ದು. ಲಾರಿಯ ಮರೆಯಲ್ಲಿರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ, ಅದರ ಮೂತಿ ದಾಟಿದ ಕೂಡಲೇ ಒಂದು ಹೊಡೆತ ಬಿದ್ದು ಕಾರು ಬಲಕ್ಕೆ, ಡಿವೈಡರ್ ಕಡೆಗೆ ಸರಿಯುತ್ತದೆ. ಎನ್ ಲೈನ್‌ನ ಕುಳ್ಳ ಮೈ ಮತ್ತು ಗಟ್ಟಿ ಸ್ಟೀರಿಂಗ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಎತ್ತರದ ಪುಟ್ಟ ಎಸ್‌ಯುವಿಗಳಲ್ಲಿ ಇದೇ ಜಾಗದಲ್ಲಿ ಎರಡೂ ಕೈಯಲ್ಲಿ ಸ್ಟೀರಿಂಗ್ ತಿದ್ದುತ್ತಲೇ ಇರಬೇಕಾಗುತ್ತದೆ.

ಟೈರು, ರಿಮ್ಮು, ಹಂಪು

ಈ ಕಾರಿನ ದೊಡ್ಡ ಖರ್ಚು ಬರುವುದು ಇಲ್ಲಿಂದ. 195/55 ಆರ್16 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ 195ರಲ್ಲಿ ಶೇ 55, ಅಂದರೆ 107 ಮಿ.ಮೀ. ಕೆಳಗಿನ ದರ್ಜೆಯ ಐ20ಗಳಲ್ಲಿ ಕಾಣುವ 185/65 ಆರ್15 ಟೈರಿಗೆ ಅದು 120 ಮಿ.ಮೀ. ವ್ಯತ್ಯಾಸ 13 ಮಿ.ಮೀ. ಮಾತ್ರ, ಅಂದರೆ ಒಂದು ಬೆರಳಿನ ದಪ್ಪ. ಆದರೆ ಗುಂಡಿಯ ಚೂಪು ಅಂಚಿಗೆ ಬಡಿದಾಗ ರಿಮ್ ಕಲ್ಲಿಗೆ ತಾಗದಂತೆ ಕಾಯುವುದು ಆ ಒಂದು ಬೆರಳೇ. ಒಳಗಿನ ನೂಲು ಕಿತ್ತುಹೋದರೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಏಳುತ್ತದೆ. ಉಬ್ಬು ಬಂದ ಟೈರಿಗೆ ರಿಪೇರಿ ಇಲ್ಲ. "ಇನ್ನೂ ಐದು ಸಾವಿರ ಓಡುತ್ತೆ ಸಾರ್" ಎಂದು ಪಂಕ್ಚರ್ ಅಂಗಡಿಯಲ್ಲಿ ಹೇಳಿದರೂ ಆ ಟೈರಿನ ಮೇಲೆ ಹೆದ್ದಾರಿಗೆ ಹೋಗಬೇಡಿ. ಬೇಸಿಗೆಯ ಮಧ್ಯಾಹ್ನ 100ರ ವೇಗದಲ್ಲಿ ಅದು ಸಿಡಿದರೆ ಕಾರು ಕೈಯಲ್ಲಿ ಉಳಿಯುವುದಿಲ್ಲ.

ಇಂಥ ಗುಂಡಿಗಳು ಮುಖ್ಯ ಹೆದ್ದಾರಿಯಲ್ಲಿ ಕಡಿಮೆ. ಸರ್ವಿಸ್ ರಸ್ತೆಗೆ ಇಳಿಯುವ ಬಾಯಿ, ಅಂಡರ್‌ಪಾಸ್‌ನ ಎರಡು ತುದಿ, ಕಾಮಗಾರಿ ಅರ್ಧಕ್ಕೆ ನಿಂತ ಡಾಂಬರಿನ ಅಂಚು, ಇವೇ ಟೈರು ತಿನ್ನುವ ಜಾಗಗಳು. ಗುಂಡಿ ತಪ್ಪಿಸಲು ಆಗದೇ ಹೋದರೆ ಬ್ರೇಕ್ ಹಿಡಿದೇ ಅದರೊಳಗೆ ಇಳಿಯಬೇಡಿ. ಬ್ರೇಕ್ ಹಿಡಿದಾಗ ಮುಂದಿನ ಸಸ್ಪೆನ್ಷನ್ ಆಗಲೇ ಕುಗ್ಗಿರುತ್ತದೆ, ಹೊಡೆತ ನುಂಗಲು ಅದಕ್ಕೆ ಜಾಗವಿರುವುದಿಲ್ಲ. ಮೊದಲೇ ವೇಗ ಇಳಿಸಿ, ಗುಂಡಿಗೆ ಚಕ್ರ ಇಳಿಯುವ ಗಳಿಗೆಯಲ್ಲಿ ಬ್ರೇಕ್ ಬಿಟ್ಟುಬಿಡಿ. ಗಾಳಿಯನ್ನು ಬಾಗಿಲ ಕಂಬದ ಸ್ಟಿಕ್ಕರಿನಲ್ಲಿರುವ ಅಳತೆಗೇ, ಬೆಳಿಗ್ಗೆ ಟೈರು ತಣ್ಣಗಿದ್ದಾಗ ಹಿಡಿಸಿ. ಮೆತ್ತಗಾಗಲಿ ಎಂದು ನಾಲ್ಕು ಪಿಎಸ್‌ಐ ಕಡಿಮೆ ಹಿಡಿಸುವವರಿದ್ದಾರೆ. ಹಾಗೆ ಮಾಡಿದರೆ ಕುಲುಕಾಟ ಸ್ವಲ್ಪ ಕಡಿಮೆಯಾದೀತು, ಆದರೆ ರಿಮ್ ನೆಲ ಮುಟ್ಟುವುದು ಸುಲಭವಾಗುತ್ತದೆ, ಟೈರೂ ಬಿಸಿಯಾಗುತ್ತದೆ.

ಟೈರು ಬದಲಿಸುವ ಕಾಲ ಬಂದಾಗ ಎರಡು ದಾರಿಗಳಿವೆ. ಒಂದು, ಅದೇ 16 ಇಂಚಿನ ರಿಮ್ಮಿಗೆ 205/55 ಹಾಕಿಸುವುದು. ಗೋಡೆಯ ಎತ್ತರ 113 ಮಿ.ಮೀ. ಆಗುತ್ತದೆ, ಟೈರಿನ ಒಟ್ಟು ವ್ಯಾಸ ಶೇ 1.8ರಷ್ಟು ಹೆಚ್ಚುತ್ತದೆ. ಸ್ಪೀಡೋಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ, ಪಿಕಪ್ ಕೂದಲೆಳೆಯಷ್ಟು ಇಳಿಯುತ್ತದೆ. ಇನ್ನೊಂದು, 15 ಇಂಚಿನ ರಿಮ್ಮಿಗೆ ಇಳಿದು 185/65 ಹಾಕಿಸುವುದು. ವ್ಯಾಸ 16 ಇಂಚಿನ ಟೈರಿಗೆ ಒಂದು ಮಿ.ಮೀ. ಕೂಡ ವ್ಯತ್ಯಾಸ ಬರುವುದಿಲ್ಲ, ಗುಂಡಿಗೆ ಇದೇ ಒಳ್ಳೆಯದು, ಟೈರಿನ ಬೆಲೆಯೂ ಕಡಿಮೆ. ಆದರೆ ಬ್ರೇಕ್ ಕ್ಯಾಲಿಪರ್‌ಗೆ ರಿಮ್ ತಾಗುತ್ತದೆಯೇ ಎಂದು ಮುಂದೆ ಹಿಂದೆ ಎರಡೂ ಕಡೆ ಹಾಕಿಸಿ ತಿರುಗಿಸಿ ನೋಡಿಯೇ ದುಡ್ಡು ಕೊಡಬೇಕು. ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರಬಲ್ಲದು ಎಂಬ ಅಂಕಿ) ಹಳೆಯದಕ್ಕಿಂತ ಕಡಿಮೆ ಇರಬಾರದು. ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸದೆ ಈ ಬದಲಾವಣೆ ಮಾಡಬೇಡಿ. ಅಪಘಾತದ ಕ್ಲೇಮಿನಲ್ಲಿ ಇದೊಂದೇ ಸಾಕು ತಕರಾರಿಗೆ. 17 ಇಂಚಿಗೆ ಏರುವ ಆಸೆ ಮಾತ್ರ ಈ ರಸ್ತೆಗಳಲ್ಲಿ ಯಾರಿಗೂ ಬೇಡ.

ಇನ್ನು ಹಂಪ್‌ಗಳು. ಹಳ್ಳಿ ಶಾಲೆಗಳ ಮುಂದೆ ಊರವರೇ ಹಾಕಿಸಿದ, ಬಣ್ಣ ಬಳಿಯದ, ಚೂಪು ಬೆನ್ನಿನ ಹಂಪ್‌ಗಳಲ್ಲಿ ಒಬ್ಬರೇ ಇದ್ದರೆ ಕಾರು ದಾಟುತ್ತದೆ. ಹಿಂದೆ ಮೂವರು ಕೂತು ಡಿಕ್ಕಿಯಲ್ಲಿ ಎರಡು ಅಕ್ಕಿ ಮೂಟೆ ಇದ್ದರೆ ಹೊಟ್ಟೆ ತಾಗುತ್ತದೆ. ಮುಂದಿನ ಬಂಪರಿನ ಕೆಳತುಟಿ ಮೊದಲು ಪೆಟ್ಟು ತಿನ್ನುವ ಭಾಗ. ಅದು ಸಡಿಲಾಗಿ ನೇತಾಡಲು ಶುರುವಾದರೆ ಕ್ಲಿಪ್ ಕಿತ್ತಿದೆ ಎಂದರ್ಥ, ತಡಮಾಡದೆ ಹಾಕಿಸಿಕೊಳ್ಳಿ. ಕ್ಲಿಪ್‌ಗೆ ಹೋಗುವುದು ಸಣ್ಣ ದುಡ್ಡು, ಹೆದ್ದಾರಿಯಲ್ಲಿ ಹರಿದುಹೋದರೆ ಬಂಪರೇ ಬದಲಾಯಿಸಬೇಕಾಗುತ್ತದೆ. ಇಂಥ ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಏರಿಸುತ್ತಾ ದಾಟಿ.

ದೊಡ್ಡ ಹೊಡೆತ ತಿಂದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸುತ್ತೀರಿ, ಸರಿ. ಆದರೆ ಮುಂದಿನ ಚಕ್ರಗಳದ್ದಷ್ಟೇ ನೋಡಿ ಕಳಿಸಿದರೆ ಒಪ್ಪಬೇಡಿ. ಹಿಂದೆ ಇರುವುದು ಎರಡೂ ಚಕ್ರಗಳನ್ನು ಜೋಡಿಸುವ ತೊಲೆ, ಟಾರ್ಷನ್ ಬೀಮ್. ಅದರಲ್ಲಿ ತಿರುಗಿಸಿ ಸರಿಮಾಡುವ ಬೋಲ್ಟ್ ಇರುವುದಿಲ್ಲ. ಹಿಂದಿನ ಚಕ್ರದ ಅಳತೆ ಮಿತಿ ಮೀರಿದ್ದರೆ ಹಬ್ ಅಥವಾ ಬೀಮ್ ಬಗ್ಗಿದೆ ಎಂದರ್ಥ. ನಾಲ್ಕೂ ಚಕ್ರದ ಅಳತೆಯ ಪ್ರಿಂಟ್ ತೆಗೆದುಕೊಂಡೇ ಬನ್ನಿ.

ಊರೊಳಗೆ

ದಾವಣಗೆರೆ ಹಳೇ ಪೇಟೆಯ ಅಶೋಕ ರಸ್ತೆ, ಮಂಡಿಪೇಟೆ, ಪಿ.ಬಿ. ರಸ್ತೆಯ ಸಂಜೆ ಹೊತ್ತು, ದುರ್ಗದ ಬಿ.ಡಿ. ರಸ್ತೆ. ಇಲ್ಲಿ ಈ ಕಾರಿನ 120 ಪಿಎಸ್‌ಗೆ ಕೆಲಸವಿಲ್ಲ. ಟರ್ಬೊ ಎದ್ದೇಳುವ ಮೊದಲಿನ ಆರ್‌ಪಿಎಂನಲ್ಲೇ ಎಲ್ಲ ಓಡಾಟ ಮುಗಿಯುತ್ತದೆ, ಎರಡನೇ ಗೇರಿನಲ್ಲಿ 15ರ ವೇಗದಿಂದ ಎಳೆಯುವಾಗ ಮೂರು ಸಿಲಿಂಡರಿನ ನಡುಕ ಸೀಟಿಗೆ ಬರುತ್ತದೆ. ಮೈಲೇಜ್ ಲೀಟರಿಗೆ 10–12 ಕಿ.ಮೀ.ಗೆ ಕುಸಿಯುತ್ತದೆ.

ಮೈಲೇಜಿಗಿಂತ ದೊಡ್ಡ ವಿಷಯ ಎಂಜಿನ್ ಆಯಿಲ್. ಈ ಬಗೆಯ ಎಂಜಿನ್ ತಣ್ಣಗಿರುವಾಗ ಸಿಲಿಂಡರ್ ಗೋಡೆಗೆ ಬಿದ್ದ ಪೆಟ್ರೋಲಿನಲ್ಲಿ ಸ್ವಲ್ಪ ಭಾಗ ರಿಂಗ್ ದಾಟಿ ಆಯಿಲಿಗೆ ಸೇರುತ್ತದೆ. ಇಪ್ಪತ್ತು ಮೂವತ್ತು ಕಿ.ಮೀ. ಓಡಿ ಆಯಿಲ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೋಗುತ್ತದೆ. ವಿದ್ಯಾನಗರದಿಂದ ಗಾಂಧಿ ಸರ್ಕಲ್‌ಗೆ ಹೋಗಿ ನಿಲ್ಲಿಸಿ, ಸಂಜೆ ಮತ್ತೆ ತಣ್ಣಗೆ ಸ್ಟಾರ್ಟ್ ಮಾಡಿ ಮನೆಗೆ ಬರುವ ಕಾರಿನಲ್ಲಿ ಆವಿಯಾಗಲು ಹೊತ್ತೇ ಸಿಗುವುದಿಲ್ಲ. ಆಯಿಲ್ ತೆಳುವಾಗುತ್ತಾ ಹೋಗುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ: ಮಟ್ಟ ಇಳಿಯುವ ಬದಲು ಏರಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಕಿ.ಮೀ. ಎಷ್ಟೇ ಆಗಿರಲಿ ಆಯಿಲ್ ಬದಲಿಸಬೇಕು. ಬರೀ ಊರೊಳಗೆ ಓಡುವ ಕಾರಿಗೆ 10,000 ಕಿ.ಮೀ. ಕಾಯದೆ 5,000ಕ್ಕೇ ಹೊಸ ಆಯಿಲ್ ಹಾಕಿಸುವುದು ಲೇಸು. ಇನ್‌ಟೇಕ್ ವಾಲ್ವ್‌ಗಳ ಬೆನ್ನಿಗೆ ಕರಿ ಕಟ್ಟುವುದೂ ಇಂಥ ಓಡಾಟದಲ್ಲೇ ಹೆಚ್ಚು, ಏಕೆಂದರೆ ಪೆಟ್ರೋಲ್ ನೇರ ಸಿಲಿಂಡರಿಗೆ ಚಿಮ್ಮುವುದರಿಂದ ವಾಲ್ವ್ ತೊಳೆಯುವ ಕೆಲಸ ಯಾರೂ ಮಾಡುವುದಿಲ್ಲ. ದಿನಾ ದುರ್ಗಕ್ಕೆ ಹೋಗಿಬರುವ ಕಾರು ಈ ಎರಡು ಕಾಯಿಲೆಯಿಂದಲೂ ಬಹುಮಟ್ಟಿಗೆ ದೂರ. ಹೆದ್ದಾರಿಯೇ ಈ ಎಂಜಿನ್‌ಗೆ ಔಷಧಿ.

ಬಾನೆಟ್ ಕೆಳಗೆ ಟಿಕ್ ಟಿಕ್ ಎಂದು ಸದ್ದು ಬರುತ್ತದೆ ಎಂದು ಹೊಸಬರು ಸರ್ವಿಸ್ ಸೆಂಟರಿಗೆ ಓಡುತ್ತಾರೆ. ಅದು ಹೆಚ್ಚು ಒತ್ತಡದಲ್ಲಿ ಕೆಲಸ ಮಾಡುವ ಇಂಜೆಕ್ಟರ್‌ಗಳ ಸಹಜ ಸದ್ದು.

ಮ್ಯಾನುವಲ್ಲೋ ಡಿಸಿಟಿಯೋ ಎಂದರೆ, ಈ ದಾರಿಗೆ ಮ್ಯಾನುವಲ್. ಬಿಡುಗಡೆಯಾದಾಗ ಎರಡರ ನಡುವೆ ಇದ್ದ ಅಂತರ ಸುಮಾರು 1.1 ಲಕ್ಷ ರೂಪಾಯಿ. ಡಿಸಿಟಿಯ ಎರಡು ಕ್ಲಚ್‌ಗಳೂ ಆಯಿಲಿನಲ್ಲಿ ಮುಳುಗಿರುವಂಥವಲ್ಲ, ಒಣ ಕ್ಲಚ್‌ಗಳು. ಹೆದ್ದಾರಿಯಲ್ಲಿ ಅವುಗಳಷ್ಟು ಸೊಗಸಾಗಿ ಯಾವುದೂ ಗೇರ್ ಬದಲಿಸುವುದಿಲ್ಲ. ಆದರೆ ಟ್ರಾಫಿಕ್‌ನಲ್ಲಿ ಬ್ರೇಕ್ ಅರ್ಧ ಬಿಟ್ಟು ಇಂಚಿಂಚೇ ತೆವಳಿಸಿದರೆ ಕ್ಲಚ್ ಸದಾ ಉಜ್ಜುತ್ತಲೇ ಇರುತ್ತದೆ, ಕಾಯುತ್ತದೆ, ಕೊನೆಗೆ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಡ್ಯಾಶ್‌ಬೋರ್ಡ್ ಮೇಲೆ ಬರುತ್ತದೆ. ಡಿಸಿಟಿ ಇದ್ದವರು ಮುಂದಿನ ವಾಹನದ ಜೊತೆ ತೆವಳದೆ, ಎರಡು ಕಾರಿನಷ್ಟು ಜಾಗ ಬಿಡುವವರೆಗೆ ಬ್ರೇಕ್ ಪೂರ್ತಿ ಹಿಡಿದು ನಿಂತು, ಆಮೇಲೆ ಒಮ್ಮೆಗೆ ಹೊರಡಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವ ಚಟ ಬಿಡಬೇಕು. ಮೊಣಕಾಲು ನೋವಿರುವವರು, ದಿನಾ ಪೇಟೆ ಟ್ರಾಫಿಕ್‌ನಲ್ಲೂ ಅರ್ಧ ಗಂಟೆ ಕಳೆಯುವವರು ಆಟೊಮ್ಯಾಟಿಕ್ಕೇ ಬೇಕೆಂದರೆ ಮಾರುತಿ ಫ್ರಾಂಕ್ಸ್ ಟರ್ಬೊ ನೋಡಿ: 100 ಪಿಎಸ್, 147.6 ಎನ್ಎಂ, ಆಯಿಲಿನ ಮೂಲಕ ಎಳೆತ ದಾಟಿಸುವ ಟಾರ್ಕ್ ಕನ್ವರ್ಟರಿನ 6 ಗೇರ್. ಅದರಲ್ಲಿ ತೆವಳಿಕೆಗೆ ಉಜ್ಜುವ ಒಣ ಕ್ಲಚ್ ಇಲ್ಲ. ಸ್ಟೀರಿಂಗ್‌ನಲ್ಲಿ ಎನ್ ಲೈನ್‌ನ ಗಟ್ಟಿತನ ಸಿಗದು, ಆದರೆ ಹಂಪ್ ಚಿಂತೆ ಬಹಳ ಕಡಿಮೆ.

ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸ್‌ಗಳ ನೀರು ಇನ್ನೊಂದು ಅಪಾಯ. ಈ ಕಾರಿನ ಚಕ್ರದ ನಡುಮಧ್ಯ ನೆಲದಿಂದ ಸುಮಾರು 30 ಸೆ.ಮೀ. ಎತ್ತರದಲ್ಲಿದೆ. ನೀರು ಅಲ್ಲಿವರೆಗೆ ಬರುವಂತಿದ್ದರೆ ಇಳಿಯಲೇಬೇಡಿ. ಎದುರಿನಿಂದ ಬಸ್ಸು ಬಂದು ಅಲೆ ಎಬ್ಬಿಸಿದರೆ ಗಾಳಿ ಎಳೆಯುವ ಬಾಯಿಗೇ ನೀರು ಹೋಗಬಹುದು. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡದೆ ತಳ್ಳಿಸಿ. ಸಿಲಿಂಡರಿನಲ್ಲಿ ನೀರಿದ್ದಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಮಾಮೂಲಿ ಇನ್ಶೂರೆನ್ಸ್ ಪಾಲಿಸಿ ಆ ಖರ್ಚನ್ನು ಕೊಡುವುದಿಲ್ಲ. ಎಂಜಿನ್ ರಕ್ಷಣೆ ಮತ್ತು ಟೈರ್ ರಕ್ಷಣೆ, ಈ ಎರಡು ಆ್ಯಡ್-ಆನ್‌ಗಳನ್ನು ಪಾಲಿಸಿಗೆ ಸೇರಿಸಿಕೊಳ್ಳಿ.

ತಿಂಗಳ ಲೆಕ್ಕ

ದಿನಕ್ಕೆ 120 ಕಿ.ಮೀ., ತಿಂಗಳಿಗೆ 25 ದಿನ ಎಂದರೆ 3,000 ಕಿ.ಮೀ. ಮ್ಯಾನುವಲ್ ಕಾರಿನಲ್ಲಿ 80–90ರ ವೇಗಕ್ಕೆ ಅಂಟಿಕೊಂಡರೆ 17–18 ಸಿಗುತ್ತದೆ. 110ಕ್ಕೆ ಏರಿದರೆ 14–15. ಎರಡೂ ಊರಿನ ಒಳದಾರಿ ಸೇರಿಸಿ 16 ಎಂದು ಹಿಡಿಯಿರಿ. ದಿನಕ್ಕೆ 7.5 ಲೀಟರ್, ತಿಂಗಳಿಗೆ ಸುಮಾರು 188 ಲೀಟರ್. ಲೀಟರಿಗೆ 100 ರೂಪಾಯಿ ಎಂದೇ ಇಟ್ಟುಕೊಂಡರೂ 18,750 ರೂಪಾಯಿ. ಅದೇ ಓಟಕ್ಕೆ 20 ಕೊಡುವ ಸ್ವಿಫ್ಟ್‌ಗೆ 15,000. ಈ ಖುಷಿಯ ಬೆಲೆ ತಿಂಗಳಿಗೆ 3,750 ರೂಪಾಯಿ, ವರ್ಷಕ್ಕೆ 45,000. ಇದನ್ನು ತಿಳಿದೇ ಕೊಳ್ಳಬೇಕು. ಟ್ಯಾಂಕ್ ಚಿಕ್ಕದಾದ್ದರಿಂದ ನಾಲ್ಕು ದಿನಕ್ಕೊಮ್ಮೆ ಬಂಕಿಗೆ ಹೋಗುವುದೂ ತಪ್ಪದು.

ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇದೆ. ಎಥನಾಲ್‌ನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅಂದರೆ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಮೈಲೇಜ್‌ನಲ್ಲಿ ಶೇ 6–7ರಷ್ಟು ಇಳಿಕೆ ಲೆಕ್ಕದ ಮಾತು. 2021ರಲ್ಲಿ ಕಂಪನಿ ಹೇಳಿದ 20ರ ಅಂಕಿಯನ್ನು ಹಿಡಿದುಕೊಂಡು ಇಂದಿನ ಕಾರನ್ನು ಬೈಯುವುದು ನ್ಯಾಯವಲ್ಲ.

ಟೋಲ್ ಹೆಬ್ಬಾಳಿನಲ್ಲಿ. ಖಾಸಗಿ ಕಾರುಗಳಿಗೆ 2025ರ ಆಗಸ್ಟ್ 15ರಂದು ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್‌ನ ದರ ಆಗ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಒಮ್ಮೆ ಗೇಟ್ ದಾಟಿದರೆ ಒಂದು ಟ್ರಿಪ್. ದಿನಕ್ಕೆ ಎರಡು, ತಿಂಗಳಿಗೆ 50. ಹಾಗಾಗಿ ಹೆಸರಿಗೆ ವಾರ್ಷಿಕವಾದರೂ ನಿಮ್ಮ ಪಾಸ್ ನಾಲ್ಕೇ ತಿಂಗಳಿಗೆ ಖಾಲಿ. ಆದರೂ ಆ ದರದಲ್ಲಿ ಒಂದು ದಾಟುವಿಕೆಗೆ 15 ರೂಪಾಯಿ ಬಿದ್ದಂತಾಯಿತು, ಬಿಡಿ ಟೋಲಿಗಿಂತ ಎಷ್ಟೋ ಮೇಲು. ಪಾಸ್ ಮುಗಿದದ್ದು ಗೊತ್ತಾಗದೆ ಮಾಮೂಲಿ ದರ ಕಡಿತವಾಗುತ್ತಾ ಹೋಗುತ್ತದೆ. ಉಳಿದ ಟ್ರಿಪ್ ಎಷ್ಟೆಂದು ಆಗಾಗ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ಸರ್ವಿಸ್ 10,000 ಕಿ.ಮೀ.ಗೆ ಎಂದರೆ ಈ ಓಟದಲ್ಲಿ ಸುಮಾರು ಮೂರು ತಿಂಗಳು ಹತ್ತು ದಿನಕ್ಕೊಮ್ಮೆ. ವರ್ಷಕ್ಕೆ 36,000 ಕಿ.ಮೀ. ಓಡಿಸುವವರಿಗೆ ವಾರಂಟಿಯ ವರ್ಷಕ್ಕಿಂತ ಕಿ.ಮೀ. ಮಿತಿ ಮುಖ್ಯ. ಕೊಳ್ಳುವ ದಿನವೇ ಮಿತಿ ಎಷ್ಟೆಂದು ಓದಿ, ಹೆಚ್ಚುವರಿ ವಾರಂಟಿ ತೆಗೆದುಕೊಳ್ಳುವುದಿದ್ದರೆ ಆಗಲೇ ತೆಗೆದುಕೊಳ್ಳಿ. ಎನ್6, ಎನ್8 ಎರಡಕ್ಕೂ ಎಂಜಿನ್, ಬ್ರೇಕ್, ಟೈರು ಒಂದೇ. ಎನ್6 ಕೊಂಡು ಉಳಿಸಿದ ದುಡ್ಡನ್ನು ಒಳ್ಳೆಯ ಟೈರಿಗೆ, ವಾರಂಟಿಗೆ ಇಡುವುದು ಜಾಣತನ.

ಸುಗ್ಗಿ ಕಾಲದ ಎಚ್ಚರಿಕೆ

ನಮ್ಮ ಭಾಗದವರಿಗೆ ಬಹಳ ಮುಖ್ಯವಾದ ವಿಷಯ ಇದು. ನವೆಂಬರ್‌ನಿಂದ ಜನವರಿವರೆಗೆ ಸರ್ವಿಸ್ ರಸ್ತೆಗಳ ಮೇಲೆ ಮೆಕ್ಕೆಜೋಳ ಒಣಗುತ್ತಿರುತ್ತದೆ. ಒಳದಾರಿಗಳಲ್ಲಿ ರಾಗಿ, ಹುರುಳಿ ಒಕ್ಕಣೆಗೆ ಹರವಿರುತ್ತಾರೆ. ಎತ್ತರದ ಜೀಪು ಅದರ ಮೇಲೆ ಹಾದುಹೋಗುತ್ತದೆ. ಕುಳ್ಳ ಕಾರಿನ ಹೊಟ್ಟೆಗೆ ಹುಲ್ಲು ಉಜ್ಜುತ್ತದೆ, ಡ್ರೈವ್ ಶಾಫ್ಟ್‌ಗೆ ಸುತ್ತಿಕೊಳ್ಳುತ್ತದೆ, ಬಿಸಿಯಾದ ಸೈಲೆನ್ಸರ್ ಕೊಳವೆ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಪಕ್ಕ ಸಿಕ್ಕಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಚೆನ್ನಾಗಿ ಓಡಿಸಿ ಬಂದ ಟರ್ಬೊ ಕಾರಿನಲ್ಲಿ ಈ ಭಾಗಗಳು ಒಣಹುಲ್ಲು ಹೊತ್ತಿಸುವಷ್ಟು ಕಾದಿರುತ್ತವೆ. ಇಂಥ ಕಡೆ ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯಿರಿ. ದಾಟಲೇಬೇಕಾದರೆ ನಿಲ್ಲಿಸದೆ ನಿಧಾನ ದಾಟಿ, ಹುಲ್ಲಿನ ಮೇಲೆ ಎಂಜಿನ್ ಓಡುತ್ತಿರುವಂತೆ ನಿಲ್ಲಿಸಲೇಬೇಡಿ. ಮುಂದೆ ಸಿಕ್ಕ ಖಾಲಿ ಜಾಗದಲ್ಲಿ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ. ಹುಲ್ಲು ಸಿಕ್ಕಿಕೊಂಡಿದ್ದರೆ ಕೈಯಲ್ಲಲ್ಲ, ಕೋಲಿನಲ್ಲಿ ಎಳೆದು ತೆಗೆಯಿರಿ. ಚಕ್ರದ ಹಿಂದಿನ ರಬ್ಬರ್ ಬೂಟ್ ಹರಿದಿದ್ದು ಕಂಡರೆ ಗ್ರೀಸ್ ಪೂರ್ತಿ ಖಾಲಿಯಾಗುವ ಮೊದಲೇ ಬದಲಿಸಿ. ಬರೀ ಬೂಟ್ ಬದಲಿಸುವುದು ಅಗ್ಗ, ಜಾಯಿಂಟ್ ಸವೆದ ಮೇಲೆ ಶಾಫ್ಟೇ ಬೇಕಾಗುತ್ತದೆ. ಡಿಕ್ಕಿಯಲ್ಲಿ ಒಂದು ಕಿಲೋದ ಬೆಂಕಿ ನಂದಿಸುವ ಸಿಲಿಂಡರ್ ಇರಲಿ.

ಗಾಳಿಯಲ್ಲಿ ಹಾರುವ ಹೊಟ್ಟು ಮುಂದಿನ ಜಾಲರಿಯೊಳಗೆ ಹೋಗಿ ಎಸಿ ಕಂಡೆನ್ಸರ್, ರೇಡಿಯೇಟರ್ ಮೇಲೆ ಕೂರುತ್ತದೆ. ಫೆಬ್ರವರಿ ಬಿಸಿಲಿಗೆ ಎಸಿ ತಣ್ಣಗಾಗುತ್ತಿಲ್ಲ ಎಂದಾಗ ಗ್ಯಾಸ್ ತುಂಬಿಸುವ ಮೊದಲು ಅದನ್ನು ನೋಡಿ. ಜೋರು ಪ್ರೆಷರ್ ನೀರು ಹೊಡೆಸಿದರೆ ತೆಳ್ಳನೆ ರೆಕ್ಕೆಗಳು ಮಡಚಿಕೊಳ್ಳುತ್ತವೆ; ಮನೆಯ ಪೈಪಿನ ನೀರೇ ಸಾಕು, ಸಾಧ್ಯವಾದ ಕಡೆ ಒಳಗಿನಿಂದ ಹೊರಗೆ ಬಿಡಬೇಕು. ಕ್ಯಾಬಿನ್ ಫಿಲ್ಟರನ್ನು ಈ ಮೂರು ತಿಂಗಳಲ್ಲಿ 5,000 ಕಿ.ಮೀ.ಗೆ ಒಮ್ಮೆ ತೆಗೆದು ಕೊಡವಿ.

ಹಳೆಯದನ್ನು ಕೊಳ್ಳುವವರಿಗೆ

2021ರಿಂದ 23ರವರೆಗಿನ ಸೆಕೆಂಡ್ ಹ್ಯಾಂಡ್ ಎನ್ ಲೈನ್‌ಗಳಲ್ಲಿ ಐಎಂಟಿ ಸಿಗುತ್ತವೆ. ಅದರಲ್ಲಿ ಗೇರ್ ನೀವು ಹಾಕುತ್ತೀರಿ, ಕ್ಲಚ್ ಅದೇ ಹಿಡಿಯುತ್ತದೆ. ಹೆದ್ದಾರಿಗೆ ಚೆನ್ನ. ಏರಿನ ಮೇಲೆ ರಿವರ್ಸ್ ತೆಗೆಯುವಾಗ ಕ್ಲಚ್ ಎಷ್ಟು ಬಿಡಬೇಕು ಎಂಬುದು ನಿಮ್ಮ ಕಾಲಲ್ಲಿ ಇರುವುದಿಲ್ಲ, ಹಾಗಾಗಿ ಕೊಳ್ಳುವ ಮೊದಲು ಅದನ್ನೇ ಮಾಡಿಸಿ ನೋಡಿ; ಸುಟ್ಟ ವಾಸನೆ ಬಂದರೆ ಕ್ಲಚ್ ಖರ್ಚು ಹತ್ತಿರದಲ್ಲಿದೆ. ಡಿಸಿಟಿಯಾದರೆ ಸಣ್ಣ ಏರಿನಲ್ಲಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಹೊರಡಿ, ಒಂದರಿಂದ ಎರಡಕ್ಕೆ ಹೋಗುವಾಗ ಕಾರು ನಡುಗಬಾರದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ 30,000 ಕಿ.ಮೀ. ಓಡಿದ ಡಿಸಿಟಿಗಿಂತ ಕೆಎ-16, ಕೆಎ-17 ನಂಬರಿನ, ಹೆದ್ದಾರಿಯಲ್ಲಿ 60,000 ಓಡಿದ್ದೇ ಎಷ್ಟೋ ಸಲ ಗಟ್ಟಿ ಇರುತ್ತದೆ. ನಾಲ್ಕೂ ಚಕ್ರ ಬಿಚ್ಚಿಸಿ ಬ್ಯಾಲೆನ್ಸಿಂಗ್ ಮಷಿನ್ ಮೇಲೆ ತಿರುಗಿಸಿ, ರಿಮ್ಮಿನ ಒಳ ಅಂಚನ್ನು ನೋಡಿ. ಹೊರಗಿನಿಂದ ಹೊಳೆಯುವ ಅಲಾಯ್ ಒಳಗೆ ಬಗ್ಗಿರುವುದು ಸಾಮಾನ್ಯ. ಟೈರಿನ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ನಾಲ್ಕೂ ಒಂದೇ ಕಾಲದವೇ ಎಂದು ಹೋಲಿಸಿ. ಎಂಜಿನ್ ಕಂಪ್ಯೂಟರ್ ತಿದ್ದಿಸಿ ಶಕ್ತಿ ಹೆಚ್ಚಿಸಿದ ಕಾರಾದರೆ, ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ದಿನದ ಓಡಾಟಕ್ಕೆ ತೆಗೆದುಕೊಳ್ಳಬೇಡಿ.

ಹೊಸದಾಗಲಿ ಹಳೆಯದಾಗಲಿ, ಟೆಸ್ಟ್ ಡ್ರೈವ್‌ಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗಿ. ಶೋರೂಂನವರು ನುಣುಪಾದ ರಸ್ತೆಗೇ ಕರೆದೊಯ್ಯುತ್ತಾರೆ. ನೀವು ನಿಮ್ಮ ಓಣಿಯ ಹಂಪ್ ಮೇಲೆ, ನಿಮ್ಮ ಮನೆ ಗೇಟಿನ ಇಳಿಜಾರಿನಲ್ಲಿ, ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಓಡಿಸಿ ನೋಡಿ. ಹಿಂದೆ ಕೂತ ಅಜ್ಜಿಗೆ ಹತ್ತಿ ಇಳಿಯಲು ಸೀಟು ತಗ್ಗಾಯಿತೇ, ಕುಲುಕಾಟಕ್ಕೆ ಸೊಂಟ ನೋಯಿತೇ ಎಂದು ಕೇಳಿ. ಅವರು ಹೂಂ ಎಂದರೆ ಮುಂಗಡ ಕೊಡುವ ಮೊದಲು ಒಂದು ವಾರ ತಡೆಯಿರಿ.